ಕೊಳ್ಳೇಗಾಲ ಸೀಮೆಯ ಕಾಯಿದೆಗಳೂ ನ್ಯಾಯಗ್ರಂಥಾನ್ವೇಷಣೆಯ ಕ್ರಮವೂ

ಸರಕಾರವು ವಾದಿಯಾಗಿಯೋ ಪ್ರತಿವಾದಿಯಾಗಿಯೋ ನ್ಯಾಯಸ್ಥಾನದಲ್ಲಿ ನಿಲ್ಲುವಾಗಲೂ, ಹೊಸ ಕಾಯಿದೆಯ ಕರಡನ್ನು ಸಿದ್ಧಪಡಿಸುವಾಗಲೂ ಮೊದಲು ಬೇಕಾಗುವುದು ಪ್ರಮಾಣವಾಕ್ಯವು. ಆ ವಾಕ್ಯವು ಯಾವ ದೇಶಕ್ಕೆ ಅನ್ವಯಿಸಿತು, ಯಾವ ಕಾಲದಲ್ಲಿ ಜಾರಿಯಲ್ಲಿದ್ದಿತು, ಅದರ ಶುದ್ಧಪಾಠವು ಎಲ್ಲಿ ದೊರೆಯುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಒದಗಿಸುವುದೇ ಸರಕಾರದ ನ್ಯಾಯಗ್ರಂಥಾಲಯಗಳಲ್ಲಿ ದುಡಿಯುವ ಅನ್ವೇಷಕರ ಕಾರ್ಯವು. ಓಲೆಗರಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ನಮ್ಮ ವಿದ್ವಾಂಸರಿಗೆ ಈ ಕಾರ್ಯವು ಅಪರಿಚಿತವಾಗಿ ತೋರಲಾರದು. ಕಾವ್ಯದಲ್ಲಿ ಪಾಠವು ಕೆಟ್ಟರೆ ಅರ್ಥವು ಕೆಡುವುದು; ಇಲ್ಲಿ ಕೆಟ್ಟರೆ ಒಬ್ಬಳ ಜೀವನಾಧಾರವೇ ಕೈತಪ್ಪುವುದುಂಟು. ಈ ಕ್ರಮವನ್ನು ಅಜ್ಜೀಪುರವೆಂಬ ಒಂದು ಗ್ರಾಮದ ನಿದರ್ಶನದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶವು.

1. ದೇಶನಿರ್ಣಯ

ಅಜ್ಜೀಪುರವು ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕೊಳ್ಳೇಗಾಲದ ಸೀಮೆಯು ಕಂಪೆನಿಯವರ ವಶಕ್ಕೆ ಹೋಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಸೇರಿಕೊಂಡಿತು. ಅದಕ್ಕೆ ನೆರೆಯಾದ ಎಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟಿತು. ಭಾಷೆಯೂ ಬೇಸಾಯವೂ ನೆಂಟಸ್ತನವೂ ಒಂದೇ ಆಗಿದ್ದರೂ, ಮೇಲುಮನವಿಯು ಒಂದು ಕಡೆಯಿಂದ ಮದರಾಸಿಗೂ ಇನ್ನೊಂದು ಕಡೆಯಿಂದ ಮೈಸೂರು ಸಂಸ್ಥಾನದ ನ್ಯಾಯಸ್ಥಾನಕ್ಕೂ ಹೋಗುತ್ತಿದ್ದಿತು.

1956ನೆಯ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. ಸೀಮೆಯು ಬಂದಿತೆಂದ ಮಾತ್ರಕ್ಕೆ ಮೈಸೂರಿನ ಕಾಯಿದೆಯು ಅಲ್ಲಿಗೆ ತಾನಾಗಿ ಹೋಗಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆಯ 119ನೆಯ ಪ್ರಕರಣದಂತೆ, ಅಧಿಕಾರವುಳ್ಳ ಶಾಸನಸಭೆಯು ಬೇರೆ ವಿಧಿಸುವವರೆಗೆ ಆಯಾ ಸೀಮೆಯಲ್ಲಿ ಹಿಂದಿನ ಕಾಯಿದೆಗಳೇ ನಡೆಯತಕ್ಕವು. ಆದುದರಿಂದ ನಮ್ಮ ಕಾಯಿದೆಗಳಲ್ಲಿ 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ'ವೆಂಬ ಪರಿಭಾಷೆಯು ಹುಟ್ಟಿತು. ಒಂದು ಕಡಲ ತೀರದಲ್ಲಿಯೂ ಒಂದು ಕಾವೇರಿಯ ತೀರದಲ್ಲಿಯೂ ಇರುವ ಈ ಎರಡನ್ನು ಜೊತೆಗೂಡಿಸಿದುದು ಭೂಗೋಳವಲ್ಲ, ಎರಡೂ ಅದೇ ದಿನ ಮದರಾಸಿನಿಂದ ಬಂದುವೆಂಬ ಕಾರಣವು. 1953ರಲ್ಲಿಯೇ ಬಂದ ಬಳ್ಳಾರಿಯು ಬೇರೆಯಾಗಿ ಹೆಸರಿಸಲ್ಪಟ್ಟಿತು. ಭೂಕಂದಾಯದ ವಿಷಯದಲ್ಲಿ ಏಕರೂಪವು 1964ರ ಭೂಕಂದಾಯ ಕಾಯಿದೆಯಿಂದ ಬಂದಿತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ 'ಮೈಸೂರು' ಎಂದಿದ್ದ ಕಾಯಿದೆಗಳು 'ಕರ್ನಾಟಕ'ವೆಂಬ ಹೆಸರನ್ನು ತಳೆದುವು. ಹಳೆಯ ದಾಖಲೆಯ ಹೆಸರೂ ಈಗಿನ ಹೆಸರೂ ಒಂದೇ ಗ್ರಂಥವನ್ನು ಸೂಚಿಸುವುವೆಂಬುದನ್ನು ಅನ್ವೇಷಕನು ಮರೆಯಲಾಗದು.

2. ಕಾಲನಿರ್ಣಯ

ಇದರ ಫಲವು ಎಂತಹುದೆಂಬುದಕ್ಕೆ ಒಂದು ಕಲ್ಪಿತ ವ್ಯಾಜ್ಯವನ್ನು ನೋಡೋಣ. ಒಟ್ಟುಕುಟುಂಬದ ಒಬ್ಬ ರೈತನು 1940ರಲ್ಲಿ ತೀರಿಕೊಂಡನು. ಪತ್ನಿಯೂ ಮೂವರು ಗಂಡುಮಕ್ಕಳೂ ಉಳಿದರು. 1942ರಲ್ಲಿ ಮಕ್ಕಳು ಪಿತ್ರಾರ್ಜಿತವನ್ನು ಪಾಲುಮಾಡಿಕೊಂಡರು. ತಾಯಿಗೆ ಪಾಲುಂಟೇ?

ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯನ್ನು ಕೇಳಿದರೆ, ತಂದೆಯು ತೀರಿದ ಮೇಲೆ ಮಕ್ಕಳು ವಿಭಾಗಿಸಿಕೊಳ್ಳುವಾಗ ತಾಯಿಗೆ ಮಕ್ಕಳೊಡನೆ ಸಮಾಂಶವುಂಟೆಂದು ಹೇಳುವುದು. ಸ್ಮೃತಿಚಂದ್ರಿಕೆಯಾದರೋ ಅವಳಿಗೆ ಜೀವನಕ್ಕೆ ಸಾಲುವಷ್ಟು ಮಾತ್ರವೆನ್ನುವುದು. ಮದರಾಸಿನ ನ್ಯಾಯಸ್ಥಾನಗಳು ಈ ಎರಡನೆಯ ಪಕ್ಷವನ್ನು ಹಿಡಿದು, ತಾಯಿಯ ಪಾಲು ದಕ್ಷಿಣದೇಶದಲ್ಲಿ ಬಳಕೆತಪ್ಪಿತೆಂದು ನಿರ್ಣಯಿಸಿದುವು. 1937ರಲ್ಲಿ ಕೇಂದ್ರದ ಶಾಸನಸಭೆಯು ವಿಧವೆಗೆ ಗಂಡನ ಭಾಗವನ್ನು ಕೊಡುವ ಕಾಯಿದೆಯನ್ನು ಮಾಡಿತು. ಆದರೆ ವ್ಯವಸಾಯದ ಭೂಮಿಗೆ ಅದು ಅನ್ವಯಿಸದೆಂದು ಫೆಡರಲ್ ಕೋರ್ಟು 1941ರಲ್ಲಿ ಅಭಿಪ್ರಾಯಪಟ್ಟಿತು. ಮದರಾಸು ಶಾಸನಸಭೆಯು ಅದನ್ನು ಹೊಲಗದ್ದೆಗಳಿಗೆ ವಿಸ್ತರಿಸಿದುದು 1947ರಲ್ಲಿ. 1940ರ ಮರಣಕ್ಕೆ ಅದು ಸಲ್ಲದು. ಆದುದರಿಂದ ಅಜ್ಜೀಪುರದ ತಾಯಿಗೆ ವಾಸದ ಮನೆಯಲ್ಲಿ ಗಂಡನ ಭಾಗವು ದೊರೆಯಿತು. ಹೊಲದಲ್ಲಿ ಜೀವನಾಂಶವಲ್ಲದೆ ಬೇರೇನೂ ಇಲ್ಲದಾಯಿತು.

ಎಳಂದೂರಿನಲ್ಲಿ ಹಾಗಲ್ಲ. ಮೈಸೂರಿನ 1933ರ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯಂತೆ, ಅಣ್ಣತಮ್ಮಂದಿರ ವಿಭಾಗದಲ್ಲಿ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧವು ಸಲ್ಲುವುದು. ಹೊಲವೆಂದೂ ಮನೆಯೆಂದೂ ಭೇದವಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಎರಡು ಸೀಮೆಗಳಿಗೂ ಸಮಾನವಾಗಿದ್ದರೂ, ಅದಕ್ಕೆ ಮುಂಚಿನ ಮರಣಕ್ಕೂ ವಿಭಾಗಕ್ಕೂ ಅಂದಂದಿನ ಕಾಯಿದೆಯೇ ಪ್ರಮಾಣವು. ಮೊಮ್ಮಕ್ಕಳ ಕಾಲದಲ್ಲಿ ಹಕ್ಕುಪತ್ರದ ಮೂಲವನ್ನು ಶೋಧಿಸುವಾಗ ಈ ಭೇದವು ಮತ್ತೆ ಎದುರಾಗುವುದು.

3. ಪಾಠನಿರ್ಣಯ

ಕಂಪೆನಿಯ ನ್ಯಾಯಸ್ಥಾನಗಳಲ್ಲಿ ಇಂತಹ ಪ್ರಶ್ನೆಗಳಿಗೆ ಪಂಡಿತರು ವ್ಯವಸ್ಥಾಪತ್ರಗಳನ್ನು ಬರೆದುಕೊಡುತ್ತಿದ್ದರು. ಆ ಹುದ್ದೆಗಳು 1864ರ ಕಾಯಿದೆಯಿಂದ ರದ್ದಾದುವು. ಅನಂತರ ನ್ಯಾಯಾಧೀಶರು ಕೋಲ್‌ಬ್ರೂಕನು 1810ರಲ್ಲಿ ಪ್ರಕಟಿಸಿದ ಮಿತಾಕ್ಷರೆಯ ದಾಯಭಾಗದ ಭಾಷಾಂತರದಂತಹ ಗ್ರಂಥಗಳನ್ನೂ ಹಿಂದಿನ ತೀರ್ಪುಗಳನ್ನೂ ಆಶ್ರಯಿಸಿದರು. 1868ರ ರಾಮನಾಡಿನ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲು, ಸ್ಪಷ್ಟವಾಗಿ ಸಾಧಿತವಾದ ಆಚಾರವು ಗ್ರಂಥವಾಕ್ಯಕ್ಕಿಂತ ಬಲವತ್ತರವೆಂದು ಸಾರಿತು. ಮೀಮಾಂಸಕರು ಹೋಲಾಕಾಧಿಕರಣದಲ್ಲಿ ಪೂರ್ವದೇಶದವರ ಆಚಾರಕ್ಕೂ ಸರ್ವಸಾಮಾನ್ಯವಾದ ವಿಧಿಯನ್ನೇ ಊಹಿಸಿದರು. ಪ್ರಿವಿ ಕೌನ್ಸಿಲಿನ ಕ್ರಮದಲ್ಲಿ ವಿಧಿಯೇ ದೇಶಕ್ಕೆ ಕಟ್ಟುಬಿದ್ದಿತು. ಇವೆರಡರ ಅಂತರವು ಶಾಸ್ತ್ರಾಭ್ಯಾಸಿಗಳು ವಿಚಾರಿಸತಕ್ಕ ವಿಷಯವು.

ಇಂದಿನ ಅನ್ವೇಷಕನಿಗೆ ಅಜ್ಜೀಪುರದ ಒಂದು ಪ್ರಶ್ನೆಗಾಗಿ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ಟೂ, 1876ರಿಂದ ಹೊರಟ ಇಂಡಿಯನ್ ಲಾ ರಿಪೋರ್ಟ್ಸಿನ ಮದರಾಸು ಮಾಲೆಯೂ, ಕರ್ನಾಟಕ ರಾಜ್ಯಪತ್ರವೂ ಬೇಕಾಗುವುವು. ಮೂಲಗ್ರಂಥಗಳಿಗಾಗಿ ಮೈಸೂರಿನ ಪ್ರಾಚ್ಯ ಗ್ರಂಥಾಲಯವು ಮುದ್ರಿಸಿದ ಸ್ಮೃತಿಚಂದ್ರಿಕೆಯೂ, 1927ರ ಸರಸ್ವತೀವಿಲಾಸದ ವ್ಯವಹಾರಕಾಂಡವೂ ಉಪಕಾರಕವಾಗಿವೆ.

ಇದರಿಂದ ಸಿದ್ಧವಾಗುವುದೇನೆಂದರೆ, ನ್ಯಾಯಗ್ರಂಥಾಲಯದಲ್ಲಿ ರದ್ದಾದ ಕಾಯಿದೆಯ ಪುಸ್ತಕವು ನಿಷ್ಪ್ರಯೋಜಕವಾಗುವುದಿಲ್ಲ. ಕಾಯಿದೆಯು ರದ್ದಾದರೂ, ಬೇರೆ ವಿಧಿಸದಿರುವಲ್ಲಿ, ಅದರಿಂದ ಮೊದಲೇ ದೊರೆತ ಹಕ್ಕು ಉಳಿಯುವುದೆಂದು 1899ರ ಸಾಮಾನ್ಯ ಪ್ರಕರಣಗಳ ಕಾಯಿದೆಯ 6ನೆಯ ಪ್ರಕರಣವೇ ಹೇಳುತ್ತದೆ. ಆದುದರಿಂದ ಹೊಸ ಆವೃತ್ತಿಯು ಬಂದೊಡನೆ ಹಳೆಯದನ್ನು ವಿಲೇವಾರಿಮಾಡುವ ಪದ್ಧತಿಯನ್ನು ಗಡಿಸೀಮೆಗಳ ಗ್ರಂಥಾಲಯಗಳಲ್ಲಿಯಾದರೂ ನಿಲ್ಲಿಸುವುದು ಅವಶ್ಯವು. ಹಳೆಯ ಕಟ್ಟುಗಳು ಊರುಗಳಲ್ಲಿ ಕಣ್ಣಿಗೆ ಬಿದ್ದರೆ ಉಪಾಧ್ಯಾಯರು ಅವುಗಳನ್ನು ಓಲೆಗರಿಗಳಂತೆಯೇ ಸಂರಕ್ಷಿಸಿ, ಸಮೀಪದ ಸಾರ್ವಜನಿಕ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ವಿಜ್ಞಾಪಿಸುತ್ತೇನೆ.