ಆರು ತಾಸಿನ ಟೆಕ್ನೀಷಿಯಂ

ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಹಾರ್ಮೋನಾದ ಟಿಎಸ್‌ಎಚ್ ರಕ್ತದಲ್ಲಿ ಎಷ್ಟಿದೆ ಎಂದು ತಿಳಿಯಲು ಬ್ಯಾಡಗಿಯವರು ದೂರ ಹೋಗಬೇಕಿಲ್ಲ. ಕುತ್ತಿಗೆಯ ಗಂಟಿನ ಅಳತೆಯನ್ನು ಹಾವೇರಿ, ರಾಣೆಬೆನ್ನೂರುಗಳಲ್ಲಿ ಅಲ್ಟ್ರಾಸೌಂಡ್ ಹೇಳುತ್ತದೆ. ಆದರೆ ಆ ಗಂಟು ಹಾರ್ಮೋನು ತಯಾರಿಸುತ್ತಿದೆಯೋ, ಸುಮ್ಮನೆ ಕೂತಿದೆಯೋ? ಅದನ್ನು ತೋರಿಸುವುದು ಥೈರಾಯ್ಡ್ ಸ್ಕ್ಯಾನ್.

ಗ್ರಂಥಿಯ ಜೀವಕೋಶಗಳ ಪೊರೆಯಲ್ಲಿರುವ ಒಂದು ಪ್ರೊಟೀನು ರಕ್ತದಿಂದ ಅಯೋಡೈಡನ್ನು ಒಳಗೆ ಸೆಳೆಯುತ್ತದೆ. ವಿಕಿರಣ ಸೂಸುವ ಟೆಕ್ನೀಷಿಯಂ-99ಎಂನ ಪರ್ಟೆಕ್ನಿಟೇಟ್ ಗಾತ್ರದಲ್ಲೂ ವಿದ್ಯುದಂಶದಲ್ಲೂ ಅಯೋಡೈಡನ್ನು ಹೋಲುವುದರಿಂದ ಅದನ್ನೂ ಸೆಳೆಯುತ್ತದೆ. ಅದು ಹಾರ್ಮೋನಾಗುವುದಿಲ್ಲ ಅಷ್ಟೆ. ತೋಳಿಗೆ ಅದರ ಚುಚ್ಚುಮದ್ದು ಕೊಟ್ಟು ಇಪ್ಪತ್ತು ನಿಮಿಷ ಕಾದರೆ ಸಾಕು. ಗಾಮಾ ಕ್ಯಾಮೆರಾ ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ. ಕುತ್ತಿಗೆಯಿಂದ ಹೊರಟ ಕಿರಣಗಳು ಸೀಸದ ರಂಧ್ರ ದಾಟಿ ಹರಳೊಂದಕ್ಕೆ ತಾಗಿ ಮಿನುಗುತ್ತವೆ. ಮಿನುಗು ಎಲ್ಲೆಲ್ಲಿ ಬಿತ್ತೆಂದು ಲೆಕ್ಕಹಾಕಿ ಚಿತ್ರ ಮೂಡಿಸುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಹ್ಯಾಲ್ ಆಂಗರ್ ರೂಪಿಸಿದ ಉಪಾಯವಿದು. ಆ ಹರಳೂ ಸೋಡಿಯಂ ಅಯೋಡೈಡೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಎದೆ ಬಡಿತ, ಕೈ ನಡುಕ, ಇಳಿಯುತ್ತಿರುವ ತೂಕ, ಟಿಎಸ್‌ಎಚ್ ತೀರಾ ಕಡಿಮೆ. ಈ ಲಕ್ಷಣಗಳ ಹಿಂದೆ ಬೇರೆ ಬೇರೆ ಕಾಯಿಲೆಗಳಿರಬಹುದು. ಗ್ರೇವ್ಸ್ ಕಾಯಿಲೆಯಲ್ಲಿ ಇಡೀ ಗ್ರಂಥಿ ಬೆಳಗುತ್ತದೆ. ಒಂದೇ ಗಂಟು ವಿಪರೀತ ದುಡಿಯುತ್ತಿದ್ದರೆ ಅದೊಂದೇ ಹೊಳೆದು, ಉಳಿದ ಭಾಗ ಮಂಕಾಗುತ್ತದೆ. ಉರಿಯೂತದಿಂದ, ಕೂಡಿಟ್ಟ ಹಾರ್ಮೋನು ಸೋರುತ್ತಿದ್ದರೆ ಚಿತ್ರದಲ್ಲಿ ಗ್ರಂಥಿಯೇ ಕಾಣದಂತಾಗುತ್ತದೆ. ಅಂಥವರಿಗೆ ಹಾರ್ಮೋನು ತಗ್ಗಿಸುವ ಮಾತ್ರೆ ಬೇಕಿಲ್ಲ. ಸ್ಕ್ಯಾನಿನ ನಿಜವಾದ ಬೆಲೆ ಇಲ್ಲಿದೆ. ಟಿಎಸ್‌ಎಚ್ ಹೆಚ್ಚಾಗಿ ದಿನಾ ಥೈರಾಕ್ಸಿನ್ ನುಂಗುವ ಬಹುಪಾಲು ಮಂದಿಗೆ ಇದರ ಅಗತ್ಯವೇ ಇಲ್ಲ. ಹೊಳೆಯದ ಗಂಟೆಲ್ಲ ಕ್ಯಾನ್ಸರೂ ಅಲ್ಲ, ಹೆಚ್ಚಿನವು ನಿರಪಾಯಕಾರಿ. ಅನುಮಾನ ಬಂದರೆ ಸೂಜಿಯಿಂದ ಕೋಶ ತೆಗೆದು ನೋಡುತ್ತಾರೆ.

ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ ಆರು ತಾಸು. ಬೆಂಗಳೂರಿನಲ್ಲಿ ಬೆಳಿಗ್ಗೆ ತಯಾರಾದದ್ದು ಸುಮಾರು 300 ಕಿ.ಮೀ. ದೂರದ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಕರಗಿರುತ್ತದೆ. ಅದಕ್ಕೇ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳು ಅದರ ಮೂಲವಾದ ಮಾಲಿಬ್ಡಿನಂ-99 ಇರುವ, ಸೀಸದ ಕವಚದ ಜನರೇಟರ್ ತರಿಸಿಕೊಳ್ಳುತ್ತವೆ. ಮಾಲಿಬ್ಡಿನಂನ ಅರ್ಧಾಯುಷ್ಯ 66 ತಾಸು. ದಿನಾ ಉಪ್ಪುನೀರು ಹಾಯಿಸಿ ಟೆಕ್ನೀಷಿಯಂ ಇಳಿಸಿಕೊಳ್ಳುವುದನ್ನು ಅಲ್ಲಿಯವರು ಹಸು ಕರೆಯುವುದು ಎನ್ನುತ್ತಾರೆ. ಸುಮಾರು ಒಂದು ವಾರ ಹಾಲು ಕೊಡುವ ಹಸು! ಬೇಗ ಕರಗುವ ಈ ಗುಣವೇ ರೋಗಿಗೆ ಒಳ್ಳೆಯದು: 24 ತಾಸಿನಲ್ಲಿ ಉಳಿಯುವುದು ಹದಿನಾರನೇ ಒಂದು ಭಾಗ, ಮೂತ್ರದಲ್ಲಿ ಹೋಗುವುದರಿಂದ ಅದಕ್ಕಿಂತಲೂ ಕಡಿಮೆ.

ಅಂಥ ಆಸ್ಪತ್ರೆಗೆ ಇಷ್ಟು ದೂರ ಹೋಗಿಯೂ ಸ್ಕ್ಯಾನ್ ಕೆಡುವುದು ಹೆಚ್ಚಾಗಿ ಅಯೋಡಿನ್ನಿನಿಂದ. ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂಗೆ ಕೊಡುವ ಕಾಂಟ್ರಾಸ್ಟ್ ಔಷಧದಲ್ಲಿ ಅದು ಧಾರಾಳವಾಗಿರುತ್ತದೆ; ಮುಂದೆ ಒಂದೆರಡು ತಿಂಗಳು ಗ್ರಂಥಿ ಬೇರೇನನ್ನೂ ಸರಿಯಾಗಿ ಸೆಳೆಯದು, ಗ್ರೇವ್ಸ್ ಕಾಯಿಲೆಯೂ ಉರಿಯೂತದಂತೆ ಕಾಣಬಹುದು. ಹೃದಯಕ್ಕೆ ಕೊಡುವ ಅಮಿಯೋಡರೋನ್ ಮಾತ್ರೆಯೂ ಹಾಗೆಯೇ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲೇ ಹೇಳಲೇಬೇಕು. ಸಿಟಿ ಮಾಡಿಸಿದ ದಿನಾಂಕ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದುಕೊಂಡು ಆಸ್ಪತ್ರೆಗೆ ಫೋನ್ ಮಾಡಿ, ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಕೇಳಿಕೊಂಡೇ ಬಸ್ಸು ಹತ್ತಬೇಕು.