ಉನಾಯಿಯ ಬಿಸಿನೀರು

ಕಳೆದ ಚಳಿಗಾಲ ನಮ್ಮ ತಾಯಿಯವರ ಮೊಣಕಾಲು ನೋವು ಹೆಚ್ಚಿತು. ಪುತ್ತೂರು ಕಡೆಯವರಾದ ಅವರಿಗೆ ಇರ್ದೆಯ ಬೆಂದ್ರು ತೀರ್ಥದ್ದೇ ಧ್ಯಾನ. ಕೊಯಾಲಿಯಿಂದ ಅಷ್ಟು ದೂರ ಹೋಗಲು ಗುಮಾಸ್ತನಿಗೆ ರಜೆಯೆಲ್ಲಿ? ಬಿಲಿಮೋರಾದಲ್ಲಿ ರೈಲಿಳಿದು ಬಸ್ಸಿನಲ್ಲಿ ಉನಾಯಿಗೆ ಹೊರಟೆವು. ಶರಭಂಗ ಋಷಿಯ ರೋಗ ಕಳೆಯಲೆಂದು ಶ್ರೀರಾಮನು ಬಾಣ ಬಿಟ್ಟು ಅಲ್ಲಿ ಬಿಸಿನೀರು ತರಿಸಿದನೆಂದು ಸ್ಥಳಪುರಾಣ.

ಗುಡಿಯ ಸಮೀಪದ ಸಣ್ಣ ವಸತಿಗೃಹದಲ್ಲಿ ಒಂದೇ ಕೋಣೆ ಸಿಕ್ಕಿತು. ಮಂಚ ಎರಡು, ನಾವು ಐವರು. ಮಕ್ಕಳಿಗೆ ನೆಲದ ಚಾಪೆಯೇ ಹಬ್ಬ. ಚೈತ್ರ ಪೂರ್ಣಿಮೆಯ ಜಾತ್ರೆಯಲ್ಲಾದರೆ ಅದೂ ದುರ್ಲಭವಂತೆ.

ಇಂಗ್ಲೆಂಡಿನ ಬಾತ್ ನಗರವೂ ಇಂಥದೇ ಬುಗ್ಗೆಯಿಂದ ಹೆಸರಾದುದು. ಅಲ್ಲಿಯ ನೀರು ಸುಮಾರು 46 ಡಿಗ್ರಿ ಸೆಲ್ಸಿಯಸ್. ಆದರೆ ರೋಮನರು ಕಟ್ಟಿದ ಕೊಳವನ್ನು ಈಗ ನೋಡಬಹುದು, ಮೀಯುವಂತಿಲ್ಲ. ಆ ಬುಗ್ಗೆಯ ನೀರಿನಲ್ಲಿ ಈಜಿದ ಬಾಲಕಿಯೊಬ್ಬಳು ಮೂಗಿನ ಮೂಲಕ ಮಿದುಳಿಗೇರುವ ಸೂಕ್ಷ್ಮಜೀವಿಯಿಂದ 1978ರಲ್ಲಿ ತೀರಿಕೊಂಡಳು. ಮೀಯಲು ಬೇರೆ ಸ್ನಾನಗೃಹ ತೆರೆದದ್ದು 2006ರಲ್ಲಿ.

ಇದನ್ನು ಓದಿದ್ದ ನಾವು, ತಲೆ ಮುಳುಗಿಸುವುದು ಬೇಡವೆಂದೆವು.

“ತೀರ್ಥಕ್ಕೆ ಬಂದು ತಲೆ ಒದ್ದೆ ಮಾಡದಿದ್ದರೆ ಅದೊಂದು ಸ್ನಾನವಾ ಮಾರಾಯಾ?” ಎಂದು ಅಮ್ಮ ಮುನಿದರು. ಸೊಸೆ ನಡುವೆ ಬಂದು ತಂಬಿಗೆಯಿಂದ ಹೆಗಲಿಗೂ ಕಾಲಿಗೂ ನೀರು ಹೊಯ್ದಳು. ನೆತ್ತಿಗೆ ನಾಲ್ಕು ಹನಿ ಚಿಮುಕಿಸಿದಳು.

ನೋವು ಹೋಯಿತೆನ್ನಲಾರೆವು. ಅಂದು ರಾತ್ರಿ ಮಾತ್ರ ಅವರು ಮೊಣಕಾಲಿಗೆ ಎಣ್ಣೆ ಕೇಳದೆ ನಿದ್ದೆಹೋದರು.