ಉಪಗ್ರಹವಾಣಿಯ ಶ್ರವಣಕ್ಕೆ ತಕ್ಕ ಸಾಧನಗಳು

ಎಂತಹ ಮಹಾಪಂಡಿತನಾದರೂ ಕಿವಿ ಕೇಳದಿದ್ದರೆ ಪ್ರಶ್ನೆಗೆ ಉತ್ತರ ಕೊಡಲಾರನು. ಉಪಗ್ರಹಗಳ ಸಂಕೇತಗಳನ್ನು ಹಿಡಿಯುವ ಹವ್ಯಾಸದಲ್ಲಿ ಗ್ರಾಹಕಯಂತ್ರವೇ ಪಂಡಿತನು. ಆಂಟೆನಾ ಅವನ ಕಿವಿ. ಇಷ್ಟು ಸಾಮಾನ್ಯವಾದ ಮಾತನ್ನು ಕಲಿಯುವುದಕ್ಕೆ ನಾವು ಒಂದು ತಿಂಗಳ ವಿಶ್ರಾಂತಿವೇತನವನ್ನು ತೆರಬೇಕಾಯಿತು. ವಾಚಕರಿಗೆ ಆ ದಂಡವು ತಪ್ಪಲೆಂದು ಈ ನಾಲ್ಕು ಮಾತು.

ಈ ಹವ್ಯಾಸವು ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹವು 2005ನೆಯ ಇಸವಿ ಮೇ 5ರಂದು ಶ್ರೀಹರಿಕೋಟೆಯಿಂದ ಮೇಲೇರಿ, 2014ರವರೆಗೆ ಹವ್ಯಾಸಿಗಳ ಮಾತನ್ನು ದೇಶದೇಶಗಳಿಗೆ ಮುಟ್ಟಿಸಿತು. ಕರ್ನಾಟಕ, ಆಂಧ್ರಗಳ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಗಗನಕ್ಕೇರಿತು. ಇವೆರಡೂ ಈಗ ಮೌನವಾಗಿವೆ. ಆದರೆ ಆಕಾಶವು ಬರಿದಾಗಿಲ್ಲ.

ಬೀದರದ ಮೈಲೂರಿನಲ್ಲಿರುವ ನಮ್ಮ ಮನೆಗೆ ಬೇಸಿಗೆಯ ರಜೆಯಲ್ಲಿ ಬಂದ ಮೊಮ್ಮಗಳು, ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ದನಿಯನ್ನು ಕೇಳಬೇಕೆಂದು ಹಟ ಹಿಡಿದಳು. ಬೆಲೆ ಹೆಚ್ಚಾದಷ್ಟೂ ಗುಣ ಹೆಚ್ಚೆಂದು ಬಗೆದು ನಾವು ಭಾರಿಯಾದ ಯಂತ್ರವೊಂದನ್ನು ತರಿಸಿದೆವು. ಅದರೊಡನೆ ಬಂದ ಗೇಣುದ್ದದ ಕಡ್ಡಿಯನ್ನೇ ಚುಚ್ಚಿ, ಸಿಮೆಂಟು ಕಬ್ಬಿಣಗಳ ಮಾಳಿಗೆಯ ಕೆಳಗೆ ನಾಲ್ಕು ದಿನ ಕುಳಿತೆವು. ಕೇಳಿದ್ದು ಕೇವಲ ಸುಯ್ಯೆಂಬ ಸದ್ದು. “ಅಜ್ಜ, ಮೇಲೆ ಯಾರೂ ಇಲ್ಲ” ಎಂದು ಮಗು ಎದ್ದುಹೋಯಿತು. ಹೋದ ಹಣಕ್ಕಿಂತ ಆ ಮಾತು ನಮ್ಮನ್ನು ಹೆಚ್ಚು ನೋಯಿಸಿತು.

ಆಮೇಲೆ ವಿಚಾರಮಾಡಿ ನೋಡಿದೆವು. ನಿಲ್ದಾಣದವರು ಶಾಲೆಯ ಮಕ್ಕಳೊಡನೆ ಮಾತನಾಡುವುದೂ, ಗೊತ್ತುಪಡಿಸಿದ ದಿನಗಳಲ್ಲಿ ಚಿತ್ರಗಳನ್ನು ಕಳುಹಿಸುವುದೂ 145.800 ಮೆಗಾಹರ್ಟ್ಸ್‌ನಲ್ಲಿ. ಈ ಅಲೆಯ ಉದ್ದ ಸುಮಾರು 2 ಮೀಟರು. ಅದರ ಕಾಲುಭಾಗದಲ್ಲಿ ತುಸು ಕಳೆದರೆ 49 ಸೆಂಟಿಮೀಟರು. ಅಷ್ಟುದ್ದದ ಎರಡು ತಂತಿಗಳನ್ನು 120 ಅಂಶಗಳ ಕೋನದಲ್ಲಿ ಬಿದಿರಿಗೆ ಅಡ್ಡಲಾಗಿ ಕಟ್ಟಿ, ಒಂದನ್ನು ಕೇಬಲಿನ ನಡುತಂತಿಗೂ ಇನ್ನೊಂದನ್ನು ಹೊರಹೆಣಿಗೆಗೂ ಸೇರಿಸಿ, ಮಾಳಿಗೆಯ ಮೇಲೆ ನಿಲ್ಲಿಸಿದೆವು. ಇದು ನೆತ್ತಿಯ ಮೇಲೆ ಸಾಗುವ ಉಪಗ್ರಹವನ್ನು ಚೆನ್ನಾಗಿ ಕೇಳುವುದು. ನೆಟ್ಟಗೆ ನಿಲ್ಲಿಸಿದ ಒಂಟಿ ಕಡ್ಡಿಯಾದರೋ ದಿಗಂತದ ಸಮೀಪವನ್ನು ಚೆನ್ನಾಗಿ ಕೇಳುವುದು, ನೆತ್ತಿಯ ಮೇಲಿನದಕ್ಕೆ ಕಿವುಡಾಗುವುದು. 435 ಮೆಗಾಹರ್ಟ್ಸ್‌ನ ಸುತ್ತಲಿನ ಕ್ಷೀಣ ಉಪಗ್ರಹಗಳಿಗೆ ಕೈಯಲ್ಲಿ ಹಿಡಿದು ತಿರುಗಿಸುವ ಯಾಗಿ ಆಂಟೆನಾ ಉತ್ತಮ. ಅದನ್ನು ಗುರಿಯಿಡುವುದಲ್ಲದೆ ಆಗಾಗ ತಿರುಚಲೂ ಬೇಕು, ಏಕೆಂದರೆ ಉಪಗ್ರಹವು ಉರುಳುತ್ತ ಬರುವುದು.

ಕೇಬಲಿನ ವಿಷಯದಲ್ಲಿ ಜಿಪುಣತನ ಸಲ್ಲದು. ತೆಳುವಾದ ಕೇಬಲು 10 ಮೀಟರು ಉದ್ದವಿದ್ದರೆ 435ರ ಸಂಕೇತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ನುಂಗುವುದು. ಆದುದರಿಂದ ಕೇಬಲು ಗಿಡ್ಡವಾಗಿರಲಿ. ಉದ್ದ ಅನಿವಾರ್ಯವಾದರೆ ಸಂಕೇತವರ್ಧಕವನ್ನು ಯಂತ್ರದ ಬಳಿಯಲ್ಲಲ್ಲ, ಆಂಟೆನಾದ ಬುಡದಲ್ಲಿಯೇ ಇಡತಕ್ಕದ್ದು.

ಇನ್ನು ಯಂತ್ರ. ಗಣಕಕ್ಕೆ ಚುಚ್ಚುವ, ಹೆಬ್ಬೆರಳಿನಷ್ಟಿರುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಅಗ್ಗದ ಸಾಧನವು ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗೆ ಕೇಳಬಲ್ಲುದು. ಆರಂಭಕ್ಕೆ ಅದು ಧಾರಾಳವಾಗಿ ಸಾಕು. ಕೈಯಂತ್ರವನ್ನು ಕೊಳ್ಳುವವರು ಒಂದು ಮಾತು ವಿಚಾರಿಸಬೇಕು: ಎಫ್‌ಎಂ ಮಾತ್ರವೋ, ಏಕಪಾರ್ಶ್ವ ಸಂಕೇತವೂ ಉಂಟೋ? ಎಫ್‌ಎಂ ಒಂದೇ ಇದ್ದರೆ ನಿಲ್ದಾಣದ ಮಾತು ಕೇಳೀತು. 1974ರಲ್ಲಿ ಮೇಲೇರಿ, 1981ರಲ್ಲಿ ಮೌನವಾಗಿ, 2002ರಲ್ಲಿ ಮರಳಿ ನುಡಿದ ಆಸ್ಕರ್-7ರಂತಹ ಉಪಗ್ರಹಗಳ ಮಾತು ತಿಳಿಯದು. ಉಪಗ್ರಹವು ಬರುವಾಗ ಸಂಕೇತದ ಕಂಪನ ತುಸು ಏರಿ, ಹೋಗುವಾಗ ಇಳಿಯುವುದು. 145ರಲ್ಲಿ ಇದು ಸುಮಾರು 3.5 ಕಿಲೋಹರ್ಟ್ಸ್, 435ರಲ್ಲಿ 10ರಷ್ಟು. ಅಲ್ಲಿ ಗುಂಡಿಯನ್ನು ತಿರುವುತ್ತಲೇ ಇರಬೇಕು.

ಮತ್ತೊಂದು ಎಚ್ಚರಿಕೆ: 137 ಮೆಗಾಹರ್ಟ್ಸ್‌ನಲ್ಲಿ ಮೋಡಗಳ ಚಿತ್ರ ಕಳುಹಿಸುತ್ತಿದ್ದ ಅಮೆರಿಕೆಯ ನೋವಾ 15, 18, 19 ಈ ಮೂರೂ 2025ರಲ್ಲಿ ನಿಂತುಹೋದವು. ಹಳೆಯ ಪುಸ್ತಕವನ್ನು ನಂಬಿ ಅವುಗಳಿಗಾಗಿ ಸಾಮಾನು ಕೊಳ್ಳಬಾರದು. ಪರವಾನಗಿಯಿಲ್ಲದೆ ಪ್ರಸಾರಮಾಡುವುದಂತೂ ಅಪರಾಧವು. ಕಲಿಯುವ ಮಕ್ಕಳ ಕೈಗೆ ಕೇಳುವ ಯಂತ್ರವನ್ನಷ್ಟೇ ಕೊಡತಕ್ಕದ್ದು.

ತಂತಿಯನ್ನು ಕಟ್ಟಿದ ಸಂಜೆ ನಿಲ್ದಾಣವು ನಮ್ಮೂರ ಮೇಲೆ ಹಾಯುವ ವೇಳೆಯನ್ನು ನೋಡಿಕೊಂಡು ಮಾಳಿಗೆಯನ್ನೇರಿದೆವು. ಮಾತು ಕೇಳಲಿಲ್ಲ. ಆದರೆ 145.825ರಲ್ಲಿ ಗರ್ರೆಂದು ಅಂಕಸಂದೇಶವೊಂದು ಮೊಳಗಿತು. ಕ್ಷಣ ಬಿಟ್ಟು ಇನ್ನೊಂದು. ಹತ್ತು ನಿಮಿಷ ತುಂಬುವುದರೊಳಗೆ ಎಲ್ಲವೂ ಮುಗಿಯಿತು. ಮೊಮ್ಮಗಳು “ಮತ್ತೆ ಯಾವಾಗ?” ಎಂದು ಕೇಳಿದಳು. ಒಂದೂವರೆ ಗಂಟೆಗೆ ಭೂಮಿಯನ್ನು ಸುತ್ತಿಬರುವುದೆಂದು ಹೇಳಿದೆವು. ಅವಳು ಕೆಳಗಿಳಿಯಲಿಲ್ಲ, ಊಟದ ತಟ್ಟೆಯನ್ನು ಮೇಲಕ್ಕೇ ಒಯ್ಯಬೇಕಾಯಿತು.